ಜೋಡಿ ಬಟ್ಟಲು

ಹೊಸನಗರದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಧರ್ಮಪ್ಪನ ಮನೆಗೆ ಹೆಂಗಸರಿಗೆಂದು ಏನೇ ಬಂದರೂ ಜೋಡಿಯಾಗಿಯೇ ಬರಬೇಕು. ಈ ಕಟ್ಟಳೆ ಮಾಡಿಟ್ಟವರು ತೀರಿಹೋದ ಅತ್ತೆ. ಇಬ್ಬರು ಸೊಸೆಯಂದಿರು ಒಂದೇ ಅಡುಗೆಮನೆಯಲ್ಲಿ ಬಾಳುವಾಗ ಒಬ್ಬಳ ಸೀರೆಯ ಅಂಚು ಇನ್ನೊಬ್ಬಳದಕ್ಕಿಂತ ಒಂದು ಬೆರಳು ಅಗಲವಾದರೂ ಅದರ ಬಿಸಿ ಗಂಡಸರ ಊಟದ ತಟ್ಟೆಯವರೆಗೆ ಬರುತ್ತದೆಂದು ಆಕೆಗೆ ಗೊತ್ತಿತ್ತು. ಹಾಗಾಗಿ ದೀಪಾವಳಿಗೆ ಒಂದೇ ಬಣ್ಣದ ಎರಡು ಸೀರೆ, ಸಾಗರದ ಪೇಟೆಯಿಂದ ಒಂದೇ ಅಳತೆಯ ಎರಡು ಡಬ್ಬಿ. ಆಕೆ ಕಣ್ಣು ಮುಚ್ಚಿದ ಮೇಲೆ ಕೈಯ ಬಳೆಗಳೂ ಹಿರಿಯಳಿಗೊಂದು, ಕಿರಿಯಳಿಗೊಂದು ಎಂದು ಹಂಚಿಹೋದವು. ಒಂಟಿ ಬಳೆ ಯಾರಿಗೂ ಉಪಯೋಗವಿಲ್ಲದೆ ಇಬ್ಬರ ಪೆಟ್ಟಿಗೆಯಲ್ಲೂ ಸುಮ್ಮನೆ ಕುಳಿತಿತ್ತು. ಆದರೂ ಯಾರೂ ಅದನ್ನು ಅನ್ಯಾಯ ಎನ್ನಲಿಲ್ಲ.

ಹಿರಿಯ ಸೊಸೆ ದುಗ್ಗಮ್ಮ, ಧರ್ಮಪ್ಪನ ಹೆಂಡತಿ, ತೀರ್ಥಹಳ್ಳಿ ಕಡೆಯ ಮೇಗರವಳ್ಳಿಯವಳು. ಕಿರಿಯವಳು ಜಲಜಾಕ್ಷಿ, ಧರ್ಮಪ್ಪನ ತಮ್ಮ ಸತೀಶನ ಹೆಂಡತಿ, ಸಾಗರ ಪೇಟೆಯವಳು, ದುಗ್ಗಮ್ಮನಿಗಿಂತ ಎಂಟು ಹತ್ತು ವರ್ಷಕ್ಕೆ ಚಿಕ್ಕವಳು. ಮದುವೆಮನೆಗಳಿಗೆ ಬಾಡಿಗೆಗೆ ಹೋಗಿಬಂದ ಕೊಪ್ಪರಿಗೆ, ಹಂಡೆಗಳನ್ನು ಹಿತ್ತಿಲ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತಿಕ್ಕಿದ್ದು ಇವರಿಬ್ಬರೇ. ಇಬ್ಬರ ಸೊಂಟವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೈಕೊಟ್ಟಾಗ ಬೀದಿಯವರು ನಕ್ಕರು. ಆ ಮನೆಯಲ್ಲಿ ನೋವು ಕೂಡ ಜೋಡಿಯಾಗಿಯೇ ಬರುತ್ತದೆ ಎಂದರು. ದುಗ್ಗಮ್ಮನಿಗೆ ಆ ಮಾತು ಒಳಗೊಳಗೇ ಹಿಡಿಸಿತ್ತು.

ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಶಾಮಿಯಾನದ ಬಟ್ಟೆಗಳೆಲ್ಲ ಅಟ್ಟ ಸೇರಿರುತ್ತವೆ. ಅದೇ ತಿಂಗಳಿನಲ್ಲಿ ಇಬ್ಬರ ಸೊಂಟದ ಆಪರೇಷನ್ನೂ ಮಾಡಿಸಿಬಿಡೋಣ ಎಂದು ಧರ್ಮಪ್ಪ ತೀರ್ಮಾನಿಸಿದ. ಸಾಗರದ ಆಸ್ಪತ್ರೆಯಲ್ಲಿ ಸೋಮವಾರ ದುಗ್ಗಮ್ಮ, ಗುರುವಾರ ಜಲಜಾಕ್ಷಿ. ಅಡುಗೆಗೆ ತೊಂದರೆಯಿರಲಿಲ್ಲ. ವರ್ಷವಿಡೀ ಇವರ ಪಾತ್ರೆಗಳಲ್ಲೇ ಅಡುಗೆ ಮಾಡುವ ಉಮಾಮಹೇಶ್ವರ ಭಟ್ಟರು, ಇಬ್ಬರೂ ಎದ್ದು ಓಡಾಡುವವರೆಗೆ ಊಟದ ಕ್ಯಾರಿಯರ್ ಕಳಿಸುವುದು ತಮ್ಮ ಜವಾಬ್ದಾರಿ ಎಂದುಬಿಟ್ಟರು.

ಎಡವಟ್ಟು ಶುರುವಾದದ್ದು ಡಾಕ್ಟರ್ ನಿರಂಜನರ ಮೇಜಿನ ಮೇಲೆ.

ಆಪರೇಷನ್ನಿಗೆ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಅವರು ಸೊಂಟದ ಕೀಲು ಎಂದರೇನು ಎಂದು ತೋರಿಸಿದರು. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದು ಕೂರುವುದಕ್ಕೆ ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು. ಇಬ್ಬರದೂ ಎರಡೂ ಸವೆದಿವೆ, ಎರಡನ್ನೂ ಬದಲಿಸಬೇಕು. ಹೀಗೆ ಹೇಳಿ ಮೇಜಿನ ಡ್ರಾಯರಿನಿಂದ ಎರಡು ಬಟ್ಟಲು ತೆಗೆದಿಟ್ಟರು. ಒಂದು ಬೂದುಬಣ್ಣದ ಟೈಟಾನಿಯಂ. ಹೊರಮೈಯೆಲ್ಲ ಹೊಸದಾಗಿ ಕಚ್ಚುಹಾಕಿದ ಒರಳಿನ ಹಾಗೆ ತರಿತರಿ, ಒಳಗೆ ಕೂರಿಸಿದ ಪದರ ಮಾತ್ರ ಕನ್ನಡಿಯಷ್ಟು ನಯ. ಇನ್ನೊಂದು ಪೂರ್ತಿ ಬಿಳಿ ಪ್ಲಾಸ್ಟಿಕ್, ಹಗುರ.

"ಇದು ಜಲಜಾಕ್ಷಿಯವರಿಗೆ," ಎಂದು ಬೂದುಬಟ್ಟಲನ್ನು ಆಚೆ ಸರಿಸಿದರು. "ಇದು ನಿಮಗಮ್ಮ."

ದುಗ್ಗಮ್ಮ ಬಿಳಿಯದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಬಫೆ ಊಟದಲ್ಲಿ ಪಾಯಸ ಹಾಕಿಕೊಡುವ ಪ್ಲಾಸ್ಟಿಕ್ ಬಟ್ಟಲು ಥೇಟ್ ಹೀಗೇ ಇರುತ್ತದೆ. ಉಂಡವರು ಅದನ್ನು ಹಾಳೆತಟ್ಟೆಯ ಜೊತೆಗೇ ಎಸೆದು ಹೋಗುತ್ತಾರೆ.

ಡಾಕ್ಟರು ವಿವರಿಸಿದರು. ಟೈಟಾನಿಯಂ ಬಟ್ಟಲಿಗೆ ಅಂಟು ಗಿಂಟು ಬೇಡ. ಮೂಳೆಯ ಗುಂಡಿಯನ್ನು ಬಟ್ಟಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೊರೆದು, ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂರಿಸುತ್ತಾರೆ. ಆಮೇಲೆ ಮೂಳೆಯೇ ನಿಧಾನವಾಗಿ ಆ ತರಿಯೊಳಕ್ಕೆ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಮೂಳೆ ಗಟ್ಟಿಯಿರಬೇಕು. ದುಗ್ಗಮ್ಮನ ಮೂಳೆ ಮೆತ್ತಗಾಗಿದೆ, ಬಡಿದರೆ ಸೀಳಬಹುದು. ಅವಳಿಗೆ ಮೂಳೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಮೂಳೆಗೆಂದೇ ಇರುವ ಸಿಮೆಂಟು ತುಂಬಿ, ಬಟ್ಟಲನ್ನು ಒತ್ತಿ ಹಿಡಿದರೆ ಅಲ್ಲೇ ಗಟ್ಟಿಯಾಗುತ್ತದೆ. ಎರಡೂ ಒಳ್ಳೆಯದೇ, ಒಬ್ಬೊಬ್ಬರಿಗೆ ಒಂದೊಂದು ಹೊಂದುತ್ತದೆ ಅಷ್ಟೇ ಎಂದರು.

ಧರ್ಮಪ್ಪನಿಗೆ ತಟ್ಟನೆ ಅರ್ಥವಾಯಿತು. ಗಟ್ಟಿ ನೆಲದಲ್ಲಿ ಗೂಟ ಬಡಿದರೆ ಶಾಮಿಯಾನ ನಿಲ್ಲುತ್ತದೆ, ಗದ್ದೆಯ ಬದಿಯಲ್ಲಾದರೆ ಡಬ್ಬಕ್ಕೆ ಕಾಂಕ್ರೀಟು ಹಾಕಿ ಅದರಲ್ಲಿ ಕಂಬ ನಿಲ್ಲಿಸಬೇಕು, ಇಷ್ಟೇ ಅಲ್ಲವೇ ಎಂದು ಕೇಳಿದ. ಡಾಕ್ಟರು ಖುಷಿಯಾಗಿ ಹೌದೆಂದರು.

ದುಗ್ಗಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಅಂದ್ರೆ ಅವಳದ್ದು ಗಟ್ಟಿ ನೆಲ, ನಂದು ಕೆಸರು."

ಜಲಜಾಕ್ಷಿ ಸೆರಗು ಸರಿಮಾಡಿಕೊಂಡಳು. ಆ ಸರಿಮಾಡಿಕೊಳ್ಳುವಿಕೆಯಲ್ಲಿ ಒಂದು ಸಣ್ಣ ಹೆಮ್ಮೆಯಿತ್ತು ಎಂದು ದುಗ್ಗಮ್ಮನಿಗೆ ಕಂಡಿತು. ಇತ್ತೋ ಇಲ್ಲವೋ, ಕಂಡದ್ದಂತೂ ನಿಜ.

ಸೋಮವಾರ ಅವಳದಾಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಎಚ್ಚರವಿತ್ತು, ಆದರೆ ಕೇಳಿಸಿದ್ದು ಡಾಕ್ಟರು ಸಿಮೆಂಟು ಗಟ್ಟಿಯಾಗುವುದನ್ನು ಕಾಯುತ್ತಾ ನರ್ಸಿನ ಹತ್ತಿರ ಇಕ್ಕೇರಿಯ ರಸ್ತೆಯ ಬಗ್ಗೆ ಮಾತಾಡಿದ್ದು ಮಾತ್ರ. ಯಾರಾದರೂ ಕೇಳಿದರೆ ಹೇಳುವಂಥದ್ದು ಏನೂ ಇರಲಿಲ್ಲ. ಜಲಜಾಕ್ಷಿಗಾದರೆ ದೊಡ್ಡ ಕಥೆಯೇ ಸಿಕ್ಕಿತು. ತನ್ನ ಸೊಂಟಕ್ಕೆ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ಬಡಿದದ್ದು, ಬಡಿದಾಗೆಲ್ಲ ಮೈ ಮಂಚದ ಮೇಲೆ ಮುಂದಕ್ಕೆ ಸರಿದದ್ದು, ಹಿಂದಿನ ಮೂಳೆ ತೆಳ್ಳಗಿದೆಯೆಂದು ಎರಡು ಸ್ಕ್ರೂ ಬಿಗಿದದ್ದು. ತವರಿನವರು ಸಾಗರದಲ್ಲೇ ಇದ್ದರಲ್ಲ, ದಿನಾ ಸಂಜೆ ಗುಂಪುಗುಂಪಾಗಿ ಬಂದು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಹೋಗುವಾಗ ಪಕ್ಕದ ಮಂಚದ ದುಗ್ಗಮ್ಮನ ಕಡೆ ತಿರುಗಿ, ಹುಷಾರಾ ಅಕ್ಕ ಎಂದು ಒಂದು ಮಾತು. ಮೇಗರವಳ್ಳಿಯಿಂದ ಅವಳ ತಮ್ಮ ಬಂದದ್ದು ಒಂದೇ ಸಲ, ಅವನೂ ಅರ್ಧ ಹೊತ್ತು ಜಲಜಾಕ್ಷಿಯ ಸ್ಕ್ರೂ ಬಗ್ಗೆಯೇ ವಿಚಾರಿಸಿದ.

ಮನೆಗೆ ಬಂದ ಮೇಲೆ ಲೆಕ್ಕ ತಿರುಗುತ್ತದೆಂದು ದುಗ್ಗಮ್ಮ ಕಾದಳು, ತಿರುಗಿತು ಕೂಡ. ಸಿಮೆಂಟು ಒಮ್ಮೆ ಹಿಡಿದರೆ ಹಿಡಿದಂತೆ. ಅವಳು ಮೊದಲ ವಾರದಲ್ಲೇ ಪೂರ್ತಿ ಭಾರ ಹಾಕಿ ನಡೆದಳು, ಆಮೇಲೆ ವಾಕರ್ ಬಿಟ್ಟು ಕೋಲು ಹಿಡಿದಳು. ಜಲಜಾಕ್ಷಿಗೆ ಮಾತ್ರ ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿರಲಿಲ್ಲ, ನೆಲಕ್ಕೆ ಬೆರಳ ತುದಿ ತಾಗಿದರೆ ಸಾಕು. ವ್ಯಾಯಾಮ ಮಾಡಿಸಲು ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಘನಾ ಎಂಬ ಹುಡುಗಿ ಇದನ್ನು ಇಬ್ಬರೆದುರಿಗೂ ಬಿಡಿಸಿ ಹೇಳಿದ್ದಳು. ಮೂಳೆ ಇನ್ನೂ ಬಟ್ಟಲನ್ನು ಹಿಡಿದಿಲ್ಲ, ಈಗ ಅಲುಗಾಡಿದರೆ ಅದು ಹಿಡಿಯುವುದೇ ಇಲ್ಲ, ಆಮೇಲೆ ಮತ್ತೆ ಬಿಚ್ಚಿ ಕೂರಿಸಬೇಕಾಗುತ್ತದೆ. ಹಾಗೆ ಹೇಳುವಾಗ ಅವಳು ದುಗ್ಗಮ್ಮನ ಕೈ ಹಿಡಿದು, ನೀವೇ ನೋಡಿಕೊಳ್ಳಬೇಕಮ್ಮ ಎಂದಿದ್ದಳು.

ಆದರೆ ಬೇಗ ನಡೆದವಳಿಗೆ ಸಿಕ್ಕ ಬಹುಮಾನವೇನು? ಭಟ್ಟರ ಕ್ಯಾರಿಯರ್ ಬಿಚ್ಚುವುದು, ಬಡಿಸುವುದು, ಲೋಟ ತೊಳೆಯುವುದು ಒಂದೊಂದಾಗಿ ಅವಳ ಪಾಲಿಗೆ ಬಂದವು. ಸತೀಶ ಹೆಂಡತಿಗೆ ಮಂಚಕ್ಕೇ ಕಾಫಿ ಒಯ್ಯುತ್ತಿದ್ದ. ಅದಾದರೂ ಇರಲಿ, ಗಂಡನಾದವನು ಒಯ್ಯಲಿ. ಜೀವಮಾನದಲ್ಲಿ ದುಗ್ಗಮ್ಮನ ಕಾಲಿಗೆ ಮುಳ್ಳು ಚುಚ್ಚಿದರೂ ತಿರುಗಿ ನೋಡದ ಧರ್ಮಪ್ಪ ಜಗಲಿಯಲ್ಲಿ ಪೇಪರ್ ಓದುತ್ತಾ ವಾಕರಿನ ಸದ್ದು ಕೇಳಿದ ಕೂಡಲೇ, ಜಲಜಾ ಕಾಲು ಊರಬೇಡ, ಜಲಜಾ ಅಲ್ಲಿ ನೀರು ಚೆಲ್ಲಿದೆ ಎಂದು ಕೂಗುತ್ತಿದ್ದ. ಅದೇ ನೀರಿನ ಮೇಲೆ ದುಗ್ಗಮ್ಮ ಕೋಲೂರಿಕೊಂಡು ಹತ್ತು ಸಲ ಓಡಾಡಿದ್ದಳು. ಹುಷಾರು ಎಂಬ ಮೂರಕ್ಷರವನ್ನು ಅವಳ ಕಡೆ ಎಸೆದವರು ಒಬ್ಬರೂ ಇಲ್ಲ. ಗುಣವಾದವಳ ಗತಿ ಇಷ್ಟೇ ಎಂದು ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು, ಅದಕ್ಕೆ ದಿನಕ್ಕಿಷ್ಟು ಗಾಳಿ ಸಿಕ್ಕುತ್ತಲೇ ಇತ್ತು.

ಹೀಗಿರುವಾಗ ನಾಗರ ಪಂಚಮಿ ಬಂತು.

ಬೀದಿಯ ಕೊನೆಯಲ್ಲಿ ಅಶ್ವತ್ಥದ ಬುಡಕ್ಕೆ ನಾಗರಕಟ್ಟೆ. ಪಂಚಮಿಯ ದಿನ ಮನೆಮನೆಯ ಹೆಂಗಸರು ಹಾಲಿನ ತಂಬಿಗೆ ಹಿಡಿದು ಹೋಗುತ್ತಾರೆ, ಕಲ್ಲಿಗೆ ಹಾಲೆರೆದು ಕಟ್ಟೆಯನ್ನು ಸುತ್ತು ಬರುತ್ತಾರೆ. ಧರ್ಮಪ್ಪನ ಮನೆಯಿಂದ ಯಾವಾಗಲೂ ಎರಡು ತಂಬಿಗೆ. ಈ ವರ್ಷ ದುಗ್ಗಮ್ಮ ಒಬ್ಬಳೇ ಹೋಗಿಬರಲಿ ಎಂದು ಗಂಡಸರು ಹೇಳಿ, ಶ್ರಾವಣದ ಮೊದಲ ಆರ್ಡರ್ ಬಂದಿದೆಯೆಂದು ಇಬ್ಬರೂ ನಗರದ ಕಡೆಗೆ ಕುರ್ಚಿ ಇಳಿಸಲು ಹೋದರು.

ದುಗ್ಗಮ್ಮ ದೀಪಾವಳಿಯ ಸೀರೆ ಉಟ್ಟಳು. ಹೊರಡುವಾಗ ನೋಡುತ್ತಾಳೆ, ಜಲಜಾಕ್ಷಿಯೂ ಅದೇ ಸೀರೆ ಉಟ್ಟು ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ವಾಕರಿನಲ್ಲೇ ನಿಧಾನ ಬರುತ್ತೇನೆ, ಮೇಘನಾ ಕೂಡ ಸ್ವಲ್ಪ ಓಡಾಡಿ ಎಂದಿದ್ದಾಳೆ ಎಂದಳು. ಬಂದಳು. ದಾರಿಯುದ್ದಕ್ಕೂ ಮನೆಗಳ ಬಾಗಿಲು ತೆರೆದವು. ಅಯ್ಯೋ ಪಾಪ ಎನ್ನುವುದು, ಟೈಟಾನಿಯಮ್ಮಂತೆ ಎನ್ನುವುದು, ಸ್ಟೂಲು ತಂದು ಕೂರಿಸುವುದು. ತನ್ನಷ್ಟಕ್ಕೆ ಮುಂದೆ ನಡೆಯುತ್ತಿದ್ದ ದುಗ್ಗಮ್ಮನನ್ನು ಕಂಡು ಒಬ್ಬಳು, ನಿಮ್ಮದು ಸಿಮೆಂಟಲ್ಲವಾ, ಹಾಗಾಗಿ ಸಲೀಸು ಎಂದಳು. ಸಲೀಸು ಎಂಬ ಮಾತು ಕೆಂಡದ ಮೇಲೆ ಬಿತ್ತು.

ಕಟ್ಟೆಯ ಸುತ್ತ ಬೇರು ಎದ್ದು ಚಪ್ಪಡಿಗಳೆಲ್ಲ ಏರುಪೇರು, ವಾಕರಿನ ನಾಲ್ಕು ಕಾಲು ಒಟ್ಟಿಗೆ ನಿಲ್ಲುವ ಜಾಗವಲ್ಲ. ಜಲಜಾಕ್ಷಿ ಹಾಲೆರೆದು, ನಿಂತಲ್ಲೇ ಕೈಮುಗಿದು ಹಿಂದಿರುಗಲು ನೋಡಿದಳು. ಆಗ ದುಗ್ಗಮ್ಮ ಹತ್ತಿರ ಹೋಗಿ, ಉಳಿದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

"ಎಂತ ಮಾರಾಯ್ತಿ, ನನ್ನ ಪಾಯಸದ ಬಟ್ಟಲೇ ಸುತ್ತು ಬಂತು. ನಿಂದು ಸುತ್ತಿಗೇಲಿ ಹೊಡೆದು ಕೂರಿಸಿದ್ದು. ನಾಲ್ಕು ಹೆಜ್ಜೆಗೂ ಆಗದಿದ್ರೆ ಆ ಟೈಟಾನಿಯಂ ಎಂತಕ್ಕೆ, ಬಂದೋರಿಗೆ ಕಥೆ ಹೇಳೋಕಾ?"

ಜಲಜಾಕ್ಷಿಯ ಮುಖ ಕೆಂಪಾಯಿತು. ವಾಕರನ್ನು ಅಶ್ವತ್ಥಕ್ಕೆ ಒರಗಿಸಿಟ್ಟು, ಖಾಲಿ ತಂಬಿಗೆಯನ್ನು ಎದೆಗವಚಿಕೊಂಡು ಪೂರ್ತಿ ಪಾದ ಊರಿ ಹೊರಟಳು.

ಬೇಡ ಎನ್ನಲು ಸಮಯವಿತ್ತು. ಆ ಸೀರೆಯ ಸೆರಗು ಕೈಗೆಟುಕುವಷ್ಟು ಹತ್ತಿರವಿತ್ತು. ಮೇಘನಾ ಕೈ ಹಿಡಿದು ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಿತ್ತು. ದುಗ್ಗಮ್ಮ ನೋಡುತ್ತಾ ನಿಂತಳು. ಒಂದು ಸುತ್ತು, ಎರಡನೆಯದು. ಮೂರನೆಯ ಸುತ್ತಿನಲ್ಲಿ ಬೇರಿನ ಮೇಲೆ ಕಾಲಿಟ್ಟಾಗ ಜಲಜಾಕ್ಷಿಯ ಮೈ ಒಂದು ಕಡೆಗೆ ವಾಲಿತು, ಬಾಯಿಂದ ಸದ್ದು ಹೊರಡಲಿಲ್ಲ. ಸುತ್ತು ಮುಗಿಸಿ ಬಂದು ವಾಕರ್ ಹಿಡಿದಾಗ ಅವಳ ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿತ್ತು. ಸುತ್ತಲಿದ್ದ ಹೆಂಗಸರು ಭೇಷ್ ಎಂದರು. ಭೇಷ್ ಕೂಡ ಅವಳಿಗೇ ಹೋಯಿತಲ್ಲ ಎಂಬುದು ಆ ಹೊತ್ತಿನಲ್ಲಿ ದುಗ್ಗಮ್ಮನಿಗೆ ಬಂದ ಮೊದಲ ಯೋಚನೆ. ಎರಡನೆಯ ಯೋಚನೆ ಮನೆಗೆ ಬರುವ ದಾರಿಯಲ್ಲಿ ಬಂತು, ಅದು ತಣ್ಣಗಿತ್ತು.

ಆಮೇಲೆ ಜಲಜಾಕ್ಷಿ ಕಾಫಿ ಬೇಡವೆನ್ನತೊಡಗಿದಳು. ಮಗ್ಗುಲು ತಿರುಗುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ತೊಡೆಸಂದಿನಲ್ಲಿ ಏನೋ ಹಿಡಿದ ಹಾಗಿದೆ, ಗ್ಯಾಸ್ ಇರಬೇಕು ಎನ್ನುತ್ತಿದ್ದಳು. ದುಗ್ಗಮ್ಮ ಅದನ್ನೆಲ್ಲ ಯಾರಿಗಿಂತಲೂ ಮೊದಲು ಕಂಡಳು, ಏಕೆಂದರೆ ಅವಳಷ್ಟು ಗಮನವಿಟ್ಟು ಜಲಜಾಕ್ಷಿಯನ್ನು ನೋಡುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಂಡರೂ ಹೇಳಲು ನಾಲಗೆ ಏಳಲಿಲ್ಲ. ಮುಂದಿನ ಸಲ ಬಂದ ಮೇಘನಾ ಕಾಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ನೋಡಿದಳು. ಅವಳ ಮುಖದ ನಗು ಹೋಯಿತು. ನಾಳೆಯೇ ಸಾಗರಕ್ಕೆ ಹೋಗಿ ಎಕ್ಸ್‌ರೇ ಮಾಡಿಸಿ ಎಂದಳು.

ಡಾಕ್ಟರ್ ನಿರಂಜನ ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ದೀಪದ ಮುಂದೆ ಪಕ್ಕಪಕ್ಕ ಸಿಕ್ಕಿಸಿದರು. ಓದಲು ಬರದವರಿಗೂ ತಿಳಿಯುವ ಹಾಗಿತ್ತು. ಮೊದಲು ಓರೆಯಾಗಿ ಹದವಾಗಿ ಕೂತಿದ್ದ ಬಟ್ಟಲು ಈಗ ಸ್ವಲ್ಪ ಮೇಲಕ್ಕೆ ಮುಖ ಮಾಡಿತ್ತು, ಒಂದು ಅಂಚಿನಲ್ಲಿ ಮೂಳೆಗೂ ಅದಕ್ಕೂ ನಡುವೆ ಕಪ್ಪು ಗೆರೆ.

"ಗೂಟ ವಾಲಿದೆ," ಎಂದ ಧರ್ಮಪ್ಪ, ಯಾರಿಗೂ ಅಲ್ಲದ ಹಾಗೆ.

ವಾಲಿದೆ, ಆದರೆ ಕಿತ್ತುಬಂದಿಲ್ಲ, ಸ್ಕ್ರೂಗಳು ತಡೆದಿವೆ ಎಂದರು ಡಾಕ್ಟರು. ಇನ್ನು ಮುಂದೆ ಒಂದು ಚೂರೂ ಭಾರ ಬೀಳಕೂಡದು. ಒಂದೂವರೆ ತಿಂಗಳ ನಂತರ ಮತ್ತೆ ನೋಡೋಣ. ಮೂಳೆ ಹಿಡಿದಿದ್ದರೆ ಸರಿ. ಇನ್ನೂ ಸರಿದಿದ್ದರೆ ಬಿಚ್ಚಿ ಬೇರೆ ಕೂರಿಸಬೇಕು, ಆಗ ಕೊರೆಯಲು ಮೂಳೆ ಕಡಿಮೆಯಿರುತ್ತದೆ, ಈಗಿನಷ್ಟು ಸುಲಭವಲ್ಲ. ಇಷ್ಟು ಹೇಳಿ, ಏನಾಯಿತು ಎಂದು ಕೇಳಿದರು.

"ಬಚ್ಚಲಲ್ಲಿ ಜಾರಿದೆ ಡಾಕ್ಟ್ರೇ," ಎಂದಳು ಜಲಜಾಕ್ಷಿ.

ಹೇಳಿದವಳು ದುಗ್ಗಮ್ಮನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಸತೀಶ ಅವಳ ಹೆಗಲ ಮೇಲೆ ಕೈಯಿಟ್ಟ. ಡಾಕ್ಟರು ಪಾಪ ಎನ್ನುವಂತೆ ತಲೆಯಾಡಿಸಿದರು. ದುಗ್ಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಬಚಾವಾದೆ ಎಂದು ಅನಿಸಬೇಕಿತ್ತು, ಅನಿಸಲಿಲ್ಲ. ಸುತ್ತಿಗೆಯ ಕಥೆ ಅವಳಿಗೆ, ಮಂಚದ ಕಾಫಿ ಅವಳಿಗೆ, ಕಟ್ಟೆಯ ಭೇಷ್ ಅವಳಿಗೆ, ಈಗ ಈ ದೊಡ್ಡ ಮನಸ್ಸೂ ಅವಳ ಪಾಲಿಗೇ. ಇದನ್ನೊಂದನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ಹಟ ಬಂದಿತೋ, ಆ ಕಪ್ಪು ಗೆರೆಯ ಭಯವೋ, ಎರಡೂ ಕಲಸಿಹೋಗಿತ್ತೋ, ಅವಳಿಗೇ ತಿಳಿಯಲಿಲ್ಲ.

"ಜಾರಲಿಲ್ಲ," ಎಂದಳು. "ನಾಗರಕಟ್ಟೆ ಸುತ್ತಿದ್ದು. ನಾನು ಕೆಣಕಿ ಸುತ್ತಿಸಿದ್ದು. ಅವಳು ವಾಲಿದ್ದು ಕಂಡ್ರೂ ಸುಮ್ಮನಿದ್ದೆ."

ಸತೀಶ ಅತ್ತಿಗೆಯ ಮುಖವನ್ನೊಮ್ಮೆ ನೋಡಿ ಎಕ್ಸ್‌ರೇ ಕಡೆ ತಿರುಗಿದ. ಅಂದಿನಿಂದ ಬಹಳ ದಿನ ಅವನು ಅವಳೊಡನೆ ಮಾತಾಡಲಿಲ್ಲ. ಧರ್ಮಪ್ಪನ ಬೈಗುಳ ಸಾಗರದಲ್ಲಿ ಶುರುವಾದದ್ದು ದಾರಿಯ ಬಟ್ಟೆಮಲ್ಲಪ್ಪ ಊರು ದಾಟಿದರೂ ನಿಲ್ಲಲಿಲ್ಲ. ಅವನು ಬೈದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಜಲಜಾಕ್ಷಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮನೆ ಹತ್ತಿರ ಬಂದಾಗ ಅವಳು ಕೇಳಿಸೀಕೇಳಿಸದ ಹಾಗೆ ಅಂದಳು:

"ಬೈಬೇಡಿ ಬಾವ. ಅಕ್ಕ ದಡದಡ ಓಡಾಡೋದು ನೋಡಿ ನನ್ನ ಹೊಟ್ಟೆಯೂ ಉರೀತಿತ್ತು. ಅವಳು ಹೇಳದಿದ್ರೂ ಒಂದಲ್ಲ ಒಂದಿನ ನಾನು ವಾಕರ್ ಬಿಡ್ತಿದ್ದೆ."

ದುಗ್ಗಮ್ಮ ತಿರುಗಿ ನೋಡಿದಳು. ತನ್ನ ಪಾಯಸದ ಬಟ್ಟಲನ್ನು ಕಂಡು ಯಾರಿಗಾದರೂ ಹೊಟ್ಟೆ ಉರಿದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯ ನಡುವೆಯೇ ಸಣ್ಣದೊಂದು ಸುಖ ಹಾದುಹೋಯಿತು. ಅದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಧರ್ಮಪ್ಪನಿಂದ ಅಟ್ಟದ ಮೇಲಿನ ತನ್ನ ವಾಕರನ್ನು ಇಳಿಸಿಸಿದಳು. ಮಡಿಸಿದ ಶಾಮಿಯಾನದ ಬಟ್ಟೆಗಳ ನಡುವೆ ಅದು ಧೂಳು ಹಿಡಿದು ಬಿದ್ದಿತ್ತು. ಒರೆಸಿ, ಅದನ್ನು ಹಿಡಿದುಕೊಂಡು ಜಲಜಾಕ್ಷಿಯ ಮಂಚದ ಪಕ್ಕ ಬಂದು ನಿಂತಳು. ನಿನಗ್ಯಾಕಕ್ಕ ಇದು ಎಂದು ಅವಳು ಕೇಳಿದ್ದಕ್ಕೆ, ಅತ್ತೆ ಮಾಡಿದ ಕಟ್ಟಳೆ ನೆನಪಿಲ್ಲವಾ ಎಂದಳು. ಅಂದಿನಿಂದ ಜಗಲಿಗೆ, ಬಚ್ಚಲಿಗೆ, ಊಟಕ್ಕೆ ಎರಡು ವಾಕರ್ ಒಟ್ಟಿಗೆ ಹೊರಡುತ್ತಿದ್ದವು. ಎಂಟು ಕಾಲು ಟಪಟಪ ಎನ್ನುವಾಗ ಧರ್ಮಪ್ಪ ಪೇಪರಿನಿಂದ ತಲೆಯೆತ್ತದೆ, ಹುಷಾರು ಎಂದು ಕೂಗುತ್ತಿದ್ದ. ಯಾರಿಗೆ ಹೇಳಿದ್ದೆಂದು ಹೇಳುತ್ತಿರಲಿಲ್ಲ. ದುಗ್ಗಮ್ಮ ತನಗೇ ಎಂದು ತೆಗೆದುಕೊಳ್ಳುತ್ತಿದ್ದಳು. ಜಲಜಾಕ್ಷಿಯ ಕಾಲು ಚೂರು ಕೆಳಗೆ ಬಂದರೂ ಅವಳ ವಾಕರ್ ಅಡ್ಡ ಬರುತ್ತಿತ್ತು.

ಒಂದೂವರೆ ತಿಂಗಳಿಗೆ ಮತ್ತೆ ಸಾಗರ. ದೀಪದ ಮುಂದೆ ಫಿಲ್ಮು ಸಿಕ್ಕಿಸಿ ಡಾಕ್ಟರು ಬಹಳ ಹೊತ್ತು ನೋಡಿದರು. ದುಗ್ಗಮ್ಮ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ಬಟ್ಟಲು ವಾಲಿದ ಜಾಗದಲ್ಲೇ ನಿಂತಿದೆ, ಮತ್ತೆ ಸರಿದಿಲ್ಲ, ಕಪ್ಪು ಗೆರೆ ಮಸುಕಾಗಿದೆ ಎಂದರು. ಮೂಳೆ ಒಳಗೆ ಬೆಳೆಯತೊಡಗಿದೆ, ಬಹಳ ಚೆನ್ನಾಗಿ ಬೆಳೆಯುತ್ತಿದೆ. ಸ್ವಲ್ಪ ಓರೆಯಿರುವುದರಿಂದ ನೆಲದ ಮೇಲೆ ಕೂರುವುದು ಮಾತ್ರ ಜನ್ಮಕ್ಕೆ ಬೇಡ. ಬಿಚ್ಚುವ ಮಾತಂತೂ ಇಲ್ಲ.

ಸತೀಶ ಕಣ್ಣೊರೆಸಿಕೊಂಡ. ಜಲಜಾಕ್ಷಿ ಅಕ್ಕನ ಕೈ ಹಿಡಿದಳು. ದುಗ್ಗಮ್ಮನ ಎದೆಯಿಂದ ಒಂದು ಕೊಪ್ಪರಿಗೆ ಇಳಿದ ಹಾಗಾಯಿತು, ಇಳಿದ ಜಾಗದಲ್ಲಿ ಮತ್ತೇನೋ ಚುಳ್ಳೆಂದಿತು. ಬಹಳ ಚೆನ್ನಾಗಿ ಬೆಳೆಯುತ್ತಿದೆಯಂತೆ. ತನ್ನದು ಬೆಳೆಯುವ ಪೈಕಿಯದಲ್ಲ, ಸಿಮೆಂಟು ಬೆಳೆಯುತ್ತದೆಯೇ?

"ಡಾಕ್ಟ್ರೇ, ನಂದೂ ಒಂದು ಎಕ್ಸ್‌ರೇ ತೆಗೀರಿ," ಎಂದಳು.

ನಿಮಗೇನೂ ತೊಂದರೆಯಿಲ್ಲವಲ್ಲಮ್ಮ, ನಿಮಗೆ ವಾಕರ್ ಯಾಕೆಂದೇ ನನಗೆ ತಿಳಿಯುತ್ತಿಲ್ಲ ಎಂದರು ಅವರು. ಅವಳು ಜಗ್ಗಲಿಲ್ಲ. ಹೇಗೂ ಒಂದು ನೋಡಬೇಕಾದ ಹೊತ್ತೇ, ಆಗಲಿ ಎಂದು ತೆಗೆಸಿದರು. ಬಿಳಿಬಟ್ಟಲು ಅದರಲ್ಲಿ ಕಾಣಲೇ ಇಲ್ಲ, ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಬೀಳುವುದಿಲ್ಲವಂತೆ. ಅದರ ಸುತ್ತ ಕೂರಿಸಿದ ತಂತಿಯ ಒಂದು ತೆಳುವಾದ ಉಂಗುರ, ಅದರ ಹಿಂದೆ ಸಿಮೆಂಟಿನ ಬಿಳಿ ಮೋಡ. ಇಟ್ಟಲ್ಲಿಂದ ಒಂದು ಕೂದಲೂ ಕದಲಿಲ್ಲ ಎಂದರು ಡಾಕ್ಟರು. ದುಗ್ಗಮ್ಮ ಆ ಮಾತನ್ನು ಇನ್ನೊಮ್ಮೆ ಹೇಳಿಸಿ, ಜಲಜಾಕ್ಷಿ ಕೇಳಿಸಿಕೊಂಡಳೋ ಎಂದು ನೋಡಿದಳು.

ಹೊರಡುವಾಗ ನರ್ಸ್ ಎರಡೂ ಫಿಲ್ಮುಗಳನ್ನು ಒಂದೇ ಕವರಿಗೆ ತೂರಿಸಲು ಹೋದಳು. ದುಗ್ಗಮ್ಮ ವಾಕರ್ ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದಳು.

"ಬೇರೆ ಬೇರೆ ಕವರ್ ಕೊಡು ಮಗಾ. ಎರಡೂ ಒಂದೇ ಅಳತೇದು ಇರ್ಲಿ."